ಹೆಬ್ಬೆಟ್ಟು ಒತ್ತುವ ಮೊದಲು

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಭೆ ಕರೆದವರು ನನಗೆ ಕೊಟ್ಟ ವಿಷಯ 'ಅನೌಪಚಾರಿಕ ಶಿಕ್ಷಣ ಮತ್ತು ಸ್ವಯಂಸೇವೆ'. ಎರಡೂ ಬಾಯಿಗೆ ದೊಡ್ಡ ಮಾತುಗಳು. ಆದರೆ ಒಳಗಿರುವ ಅರ್ಥ ನಿಮಗೆ ಹೊಸದಲ್ಲ. ಅನೌಪಚಾರಿಕ ಶಿಕ್ಷಣವೆಂದರೆ ಗಂಟೆ ಹೊಡೆಯದ ಶಾಲೆ. ಅಲ್ಲಿ ವಯಸ್ಸು ಕೇಳುವುದಿಲ್ಲ, ಪಾಸು-ನಾಪಾಸು ಇಲ್ಲ. ಯಾವಾಗ ಬಿಡುವೋ ಆಗ ಪಾಠ, ಬದುಕಿಗೆ ಏನು ಬೇಕೋ ಅದೇ ಪಾಠ. ಸ್ವಯಂಸೇವೆಯೆಂದರೆ ಕೂಲಿ ಕೇಳದೆ, ಕೈಲಾದದ್ದನ್ನು ಇನ್ನೊಬ್ಬರಿಗೆ ಮಾಡುವುದು. ಹೊಲದ ಕೆಲಸದಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಇವತ್ತು ನಿನ್ನ ಹೊಲದ ಕಳೆ ನಾನು ತೆಗೆಯುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬರುತ್ತೀ. ಕಲಬುರಗಿಯ ಶರಣಬಸವೇಶ್ವರರ ನಾಡಿನವರಾದ ನಮಗೆ ದಾಸೋಹ ಎಂಬ ಮಾತೂ ಗೊತ್ತು. ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಎಂಬ ಭೇದ ಅದರಲ್ಲಿಲ್ಲ. ಅಕ್ಷರವನ್ನೂ ಹಾಗೆ ಹಂಚಿಕೊಳ್ಳಬಹುದೆ ಎಂಬುದೇ ಇವತ್ತಿನ ಪ್ರಶ್ನೆ.

ವರದಕ್ಷಿಣೆಯ ವಿರುದ್ಧ, ಮನೆಯೊಳಗಿನ ಹೊಡೆತ-ಬಡಿತದ ವಿರುದ್ಧ ಮಾತಾಡಬೇಕಾದ ಸಭೆಯಲ್ಲಿ ಈ ಅಕ್ಷರದ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಅದಕ್ಕೆ ಕಾರಣ ಹೇಳುತ್ತೇನೆ.

ಮಗಳನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ನಾನು ಬಲ್ಲೆ. ಮದುವೆಯಾಗಿ ಮೂರು ವರ್ಷ ತುಂಬಿರಲಿಲ್ಲ. ಗಂಡನ ಮನೆಯವರು ಬೈಕಿನ ದುಡ್ಡಿಗಾಗಿ ಎರಡು ಸಲ ಆ ಹುಡುಗಿಯನ್ನು ತವರಿಗೆ ಅಟ್ಟಿದ್ದರು. ಮೂರನೆಯ ಸಲ ಹೋದವಳು ಹೆಣವಾದಳು. ತಾಯಿ ಠಾಣೆಗೆ ಹೋಗಿ ಅತ್ತಳು, ಕರೆದಳು, ಯಾರು ಯಾರು ಏನೇನು ಕೇಳಿದ್ದರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದಳು. ಬರೆದುಕೊಂಡವರು ಕಾಗದ ಮುಂದೆ ಇಟ್ಟರು, ಆಕೆ ಹೆಬ್ಬೆಟ್ಟು ಒತ್ತಿದಳು. ತಿಂಗಳುಗಳ ಮೇಲೆ ಆ ಕಾಗದದ ನಕಲು ಓದಿದಾಗ ಅದರಲ್ಲಿ ಇದ್ದದ್ದು: ಹೊಟ್ಟೆನೋವು ತಾಳಲಾರದೆ ಹೀಗೆ ಮಾಡಿಕೊಂಡಿದ್ದಾಳೆ, ಈ ಸಾವಿನಲ್ಲಿ ಯಾರ ಮೇಲೂ ಸಂಶಯವಿಲ್ಲ. ಆ ತಾಯಿ ನನ್ನ ಮುಂದೆ ಅಂದ ಮಾತು ಇಷ್ಟೇ: "ನಾ ಹೇಳಿದ್ದ ಒಂದ, ಅವ್ರು ಬರ್ಕೊಂಡಿದ್ದ ಒಂದ. ಒತ್ತು ಅಂದ್ರು, ಒತ್ತಿದೆ. ನನಗೇನು ತಿಳೀತದ ಯವ್ವಾ?"

'ಹೊಟ್ಟೆನೋವು ತಾಳಲಾರದೆ' ಎಂಬ ಸಾಲನ್ನು ನಾವು ಪತ್ರಿಕೆಗಳ ಮೂಲೆಯಲ್ಲಿ ವರ್ಷಗಟ್ಟಲೆ ಓದಿದ್ದೇವೆ. ಮದುವೆಯಾದ ಹೊಸ ಹುಡುಗಿಯರಿಗೇ ಯಾಕೆ ಇಷ್ಟು ಹೊಟ್ಟೆನೋವು ಬರುತ್ತದೆ, ಸ್ಟವ್ ಸಿಡಿದರೆ ಸೊಸೆಯೇ ಯಾಕೆ ಸುಡುತ್ತಾಳೆ ಎಂದು ಈ ದೇಶದ ಮಹಿಳಾ ಸಂಘಟನೆಗಳು 1970ರ ದಶಕದ ಕೊನೆಯಿಂದ ಬೀದಿಗಿಳಿದು ಕೇಳಿದವು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆ ಅವುಗಳಲ್ಲಿ ಒಂದು. ಆ ಕೂಗಿನ ಫಲವಾಗಿ 1983ರಲ್ಲಿ 498-ಎ ಕಲಂ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304-ಬಿ ಕಲಂ ಬಂತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ 85 ಮತ್ತು 86ನೇ ಕಲಂ, ವರದಕ್ಷಿಣೆ ಸಾವಿಗೆ 80ನೇ ಕಲಂ. ನಂಬರು ಬದಲಾಗಿದೆ, ಅಪರಾಧ ಅದೇ. ಕಾನೂನು ಇಷ್ಟಿದ್ದರೂ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ದಾಖಲಾಗದೆ ಹೊಟ್ಟೆನೋವಿನ ಲೆಕ್ಕಕ್ಕೆ ಹೋದವು ಇದರಲ್ಲಿ ಸೇರಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಕಾನೂನು ಕಾಗದದ ಮೇಲೆ ನಡೆಯುತ್ತದೆ. ಆ ಕಾಗದಕ್ಕೂ ನಮ್ಮ ಹೆಬ್ಬೆಟ್ಟಿಗೂ ನಡುವೆ ಓದಿ ಹೇಳುವ ಒಬ್ಬ ಹೆಂಗಸು ಇರಬೇಕು. ಅವಳು ನಮ್ಮ ಓಣಿಯವಳಾಗಿರಬೇಕು, ನಮ್ಮ ಪರವಾಗಿರಬೇಕು. ಅಂಥವಳನ್ನು ಸಂಘದಿಂದಲೇ ಬೆಳೆಸುವುದು ವರದಕ್ಷಿಣೆ ವಿರೋಧಿ ಹೋರಾಟದ ಒಂದು ಭಾಗ.

ಇದನ್ನು ನಾನು ನನ್ನ ಮನಸ್ಸಿನಿಂದ ಕಟ್ಟಿ ಹೇಳುತ್ತಿಲ್ಲ. ಕಾನೂನೇ 'ಓದಿ ಹೇಳು' ಎಂದು ಹೇಳುತ್ತದೆ. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಠಾಣೆಯ ಕಾಗದ. ಬಾಯಿಮಾತಿನಲ್ಲಿ ದೂರು ಹೇಳಿದರೆ ಅಧಿಕಾರಿ ಅದನ್ನು ಬರೆದುಕೊಳ್ಳಬೇಕು, ಬರೆದದ್ದನ್ನು ದೂರು ಕೊಟ್ಟವರಿಗೆ ಓದಿ ಹೇಳಬೇಕು, ಆಮೇಲೆಯೇ ಸಹಿ. ದೂರಿನ ನಕಲನ್ನು ದುಡ್ಡಿಲ್ಲದೆ ಕೊಡಬೇಕು. ಹಳೆಯ ಕಾನೂನಿನಲ್ಲಿ ಇದು 154ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 173ನೇ ಕಲಂ. ಮಗಳು ಸತ್ತದ್ದು ಬೇರೆ ಠಾಣೆಯ ಹದ್ದಿನಲ್ಲಿ ಎಂದು ಹೇಳಿ ತಾಯಿಯನ್ನು ವಾಪಸು ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರೇ ಸರಿಯಾದ ಠಾಣೆಗೆ ಕಳಿಸಬೇಕು. ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳು ತಾನು ಆಸರೆ ಪಡೆದ ಊರಿನಲ್ಲಿಯೇ ಕ್ರೌರ್ಯದ ಮೊಕದ್ದಮೆ ಹೂಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿದೆ. ಆಳಂದದವರಿಗೆ ಇದು ಬಹಳ ಮುಖ್ಯ. ನಿಮ್ಮ ಹೆಣ್ಣುಮಕ್ಕಳನ್ನು ಗಡಿಯಾಚೆ ಅಕ್ಕಲಕೋಟೆಗೆ, ಉಮರ್ಗಾಕ್ಕೆ, ಸೊಲ್ಲಾಪುರಕ್ಕೆ ಕೊಟ್ಟಿರುತ್ತೀರಿ. ಅಲ್ಲಿಯ ಕಾಗದ ಮರಾಠಿಯಲ್ಲಿ ಇರುತ್ತದೆ. ಕನ್ನಡ ಬಲ್ಲವಳು ಕೂಡ ಅಲ್ಲಿ ಹೆಬ್ಬೆಟ್ಟಿನವಳೇ ಆಗುತ್ತಾಳೆ. ಮರಾಠಿ ಓದಲು ಬರುವ ಸೊಸೆಯಂದಿರು ನಿಮ್ಮ ಸಂಘಗಳಲ್ಲಿದ್ದಾರೆ. ಅವರ ಓದು ಇಲ್ಲಿಯತನಕ ಮೂಲೆಯಲ್ಲಿ ಬಿದ್ದಿದೆ.

ಎರಡನೆಯದು ಮದುವೆಯ ಪಟ್ಟಿ. ವರದಕ್ಷಿಣೆ ನಿಷೇಧ ಕಾಯ್ದೆ ಆದದ್ದು 1961ರಲ್ಲಿ. ಉಡುಗೊರೆಗಳ ಪಟ್ಟಿ ಇಡಬೇಕೆಂಬ ನಿಯಮ ಬಂದದ್ದು 1985ರಲ್ಲಿ. ಮದುವೆಯಲ್ಲಿ ಹುಡುಗಿಗೆ ಬಂದ ವಸ್ತು ಯಾವುದು, ಅದರ ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂದು ಬರೆದು, ಹುಡುಗ-ಹುಡುಗಿ ಇಬ್ಬರೂ ಸಹಿ ಮಾಡಬೇಕು. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿಯ ಹತ್ತಿರವೇ ಇರಬೇಕು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಹುಡುಗಿಗೆ ಸಹಿ ಬರದಿದ್ದರೆ ಪಟ್ಟಿಯನ್ನು ಅವಳಿಗೆ ಓದಿ ಹೇಳಿ, ಹಾಗೆ ಓದಿ ಹೇಳಿದವರ ಸಹಿಯನ್ನೂ ಹಾಕಿಸಿ, ಆಮೇಲೆ ಅವಳು ಹೆಬ್ಬೆಟ್ಟು ಒತ್ತಬಹುದು. ಅಂದರೆ ಓದಿ ಹೇಳಿದವಳು ಕಾನೂನಿನ ಕಣ್ಣಿನಲ್ಲಿ ಸಾಕ್ಷಿಯಾಗಿ ನಿಲ್ಲುತ್ತಾಳೆ.

ನಮ್ಮ ಮದುವೆಗಳಲ್ಲಿ ಬರೆಯುವುದು ಇಲ್ಲವೇ ಇಲ್ಲ ಎಂದಲ್ಲ. ಆಯಾರ ಬರೆಯಲು ಒಬ್ಬ ಗಂಡಸು ವಹಿ ಹಿಡಿದು ಕುಳಿತೇ ಇರುತ್ತಾನೆ. ಇಂಥ ಊರಿನ ಇಂಥವರದು ಐವತ್ತೊಂದು ರೂಪಾಯಿ ಎಂದು ಮೈಕಿನಲ್ಲಿ ಕೂಗುತ್ತಾರೆ. ಐವತ್ತೊಂದು ರೂಪಾಯಿಗೆ ಬರಹ ಇದೆ. ತಂದೆ ಹೊಲ ಒತ್ತೆ ಇಟ್ಟು ಮಾಡಿಸಿದ ನಾಲ್ಕು ತೊಲೆ ಬಂಗಾರಕ್ಕೆ ಬರಹ ಇಲ್ಲ! ನಾಳೆ ಮಗಳನ್ನು ಹೊರಗೆ ಹಾಕಿದಾಗ "ಏನು ತಂದಿದ್ದೀ ನೀನು?" ಎಂಬ ಪ್ರಶ್ನೆಗೆ ಉತ್ತರ ಅವಳ ಬಾಯಿಯಲ್ಲಿ ಮಾತ್ರ ಇರುತ್ತದೆ.

ಪಟ್ಟಿ ಬರೆದರೆ ವರದಕ್ಷಿಣೆಯನ್ನು ನಾವೇ ಒಪ್ಪಿಕೊಂಡಂತೆ ಆಗುವುದಿಲ್ಲವೆ ಎಂದು ಅಫಜಲಪುರದ ಕಡೆಯ ಒಬ್ಬ ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಕೇಳದೆ, ಪ್ರೀತಿಯಿಂದ, ರೂಢಿಯಂತೆ, ಕೊಡುವವರ ಶಕ್ತಿಗೆ ಮೀರದಂತೆ ಕೊಟ್ಟದ್ದು ಉಡುಗೊರೆ. ಕೇಳಿ ಪಡೆದದ್ದು ವರದಕ್ಷಿಣೆ. ಅದನ್ನು ಹುಂಡಾ ಎನ್ನಿ, ವರೋಪಚಾರ ಎನ್ನಿ, ಹುಡುಗನ ಓದಿನ ಖರ್ಚು ಎನ್ನಿ. ಕೇಳುವುದೇ ಅಪರಾಧ, ಕೊಡುವವರೆಗೆ ಕಾಯಬೇಕಾಗಿಲ್ಲ. ಕೊಡುವುದೂ ಅಪರಾಧವೆಂದು ಕಾಯ್ದೆ ಹೇಳುತ್ತದೆ. ಅದಕ್ಕೇ ಎಷ್ಟೋ ತಂದೆತಾಯಿ ಬಾಯಿ ಬಿಡಲು ಹೆದರುತ್ತಾರೆ. ಆದರೆ ನೊಂದವರು ಕೊಟ್ಟ ಹೇಳಿಕೆಯನ್ನು ಹಿಡಿದು ಅವರ ಮೇಲೆಯೇ ಈ ಕಾಯ್ದೆಯ ಪ್ರಕಾರ ಮೊಕದ್ದಮೆ ಹೂಡುವಂತಿಲ್ಲ ಎಂದೂ ಅದೇ ಕಾಯ್ದೆಯ 7ನೇ ಕಲಂ ಹೇಳುತ್ತದೆ. ಹೆದರಿಸುವ ಸಾಲನ್ನು ಮಾತ್ರ ನಮಗೆ ಯಾರೋ ಹೇಳಿದ್ದಾರೆ. ಕಾಪಾಡುವ ಸಾಲನ್ನು ನಾವೇ ಓದಿಕೊಳ್ಳಬೇಕು.

ಇನ್ನು ಅಕ್ಷರ ಹಂಚುವ ಕೆಲಸದ ಹಿಂದಿನ ಕಥೆ. ಇದು ನಮ್ಮಿಂದ ಸುರುವಾದದ್ದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣೆಯರು ಆಡುಮಾತಿನಲ್ಲಿ ವಚನ ಹೇಳಿದರು. ಅವರಲ್ಲಿ ಅಕ್ಕಿ ಆಯುವವಳೂ ಇದ್ದಳು. ಸಾವಿತ್ರಿಬಾಯಿ ಫುಲೆ ಮತ್ತು ಜ್ಯೋತಿಬಾ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಫಾತಿಮಾ ಶೇಖ್ ಅವರ ಜೊತೆಗೆ ನಿಂತರು.

ನಮ್ಮ ಕಾಲಕ್ಕೆ ಬಂದರೆ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸುರುವಾಯಿತು. ಮುಂದಿನ ವರ್ಷಗಳಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಕಲಿಸಿದವರು ಸಂಬಳದ ಮಾಸ್ತರರಲ್ಲ, ಊರಿನ ಹುಡುಗ-ಹುಡುಗಿಯರು. ತಮಿಳುನಾಡಿನ ಪುದುಕೋಟೆಯಲ್ಲಿ ಅಕ್ಷರದ ಜೊತೆಗೆ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಕೂಲಿ ಹೆಂಗಸರು ರಾತ್ರಿ ತರಗತಿಗೆ ಬಂದು, ಪಾಠದ ಜೊತೆಗೆ ಮನೆಯ ಕಷ್ಟ ಮಾತಾಡಿಕೊಂಡರು. ದುಡಿದ ದುಡ್ಡು ಎಲ್ಲಿ ಹೋಗುತ್ತದೆ, ರಾತ್ರಿ ಹೊಡೆತ ಯಾಕೆ ಬೀಳುತ್ತದೆ ಎಂಬ ಮಾತು ಬಂದಾಗ ಎಲ್ಲರ ಉತ್ತರವೂ ಸಾರಾಯಿಯೇ ಆಗಿತ್ತು. ದೂಬಗುಂಟ ಎಂಬ ಹಳ್ಳಿಯವರು ಸಾರಾಯಿ ಅಂಗಡಿ ಮುಚ್ಚಿಸಿದರು. ಅವರ ಕಥೆ ನವಸಾಕ್ಷರರ ಪುಸ್ತಕದಲ್ಲಿ ಪಾಠವಾಯಿತು. ಅದನ್ನು ಓದಿದ ಬೇರೆ ಊರಿನವರೂ ಎದ್ದರು. 1992ರ ಹೊತ್ತಿಗೆ ಅದು ರಾಜ್ಯದ ಹೋರಾಟವಾಯಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಿತು. 1995ರಲ್ಲಿ ಪೂರ್ಣ ಪಾನನಿಷೇಧವನ್ನೇ ತಂದಿತು. ಎರಡು ವರ್ಷದಲ್ಲಿ ಸರ್ಕಾರ ಅದನ್ನು ಸಡಿಲಿಸಿತು, ನಿಜ. ಆದರೆ ಅಕ್ಷರ ಕಲಿಯಲು ಕೂತವರು ತಮ್ಮ ಬದುಕನ್ನೇ ಓದಿಕೊಂಡರು ಎಂಬುದು ಅಳಿಸಿಹೋಗಲಿಲ್ಲ.

ನಮ್ಮ ರಾಜ್ಯದಲ್ಲಿ 1989ರಲ್ಲಿ ಮಹಿಳಾ ಸಮಖ್ಯಾ ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಸುರುವಾಯಿತು. ಆಮೇಲೆ ಆಗಿನ ಗುಲಬರ್ಗಾ ಜಿಲ್ಲೆಗೂ ಬಂತು. ಸಾಲ ಕೊಡುವ ಮೊದಲು, ಅಕ್ಷರ ಕಲಿಸುವ ಮೊದಲು, ಹೆಂಗಸರು ಕೂತು ಮಾತಾಡಲಿ, ಏನು ಕಲಿಯಬೇಕೆಂದು ಅವರೇ ಹೇಳಲಿ ಎಂಬುದು ಅದರ ದಾರಿಯಾಗಿತ್ತು. ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ ಸುತ್ತುತ್ತಿದ್ದಳು. ಕೇಂದ್ರ ಸರ್ಕಾರ 2016ರ ಹೊತ್ತಿಗೆ ಆ ಕಾರ್ಯಕ್ರಮವನ್ನು ಕೈಬಿಟ್ಟಿತು. ಹೆಣ್ಣುಮಕ್ಕಳ ಸಾಕ್ಷರತೆ ತೀರ ಕಡಿಮೆಯಿದ್ದ ಜಿಲ್ಲೆಗಳಿಗಾಗಿ 2009ರಲ್ಲಿ ತಂದ ಸಾಕ್ಷರ ಭಾರತ 2018ರಲ್ಲಿ ಮುಗಿಯಿತು. ಪಂಚಾಯಿತಿಯ ಲೋಕ ಶಿಕ್ಷಣ ಕೇಂದ್ರಗಳ ಪ್ರೇರಕರು ಮನೆಗೆ ಹೋದರು. ಈಗ 2022ರಿಂದ 2027ರವರೆಗೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ ಇದೆ, ಅದಕ್ಕೆ ಉಲ್ಲಾಸ್ ಎಂದು ಹೆಸರು. ಅದರಲ್ಲಿ ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು.

ಯೋಜನೆಗಳು ಬರುತ್ತವೆ, ಹೋಗುತ್ತವೆ. 1991ರಲ್ಲಿ ನಮ್ಮ ಜಿಲ್ಲೆಯಲ್ಲಿ ನೂರು ಹೆಂಗಸರಲ್ಲಿ ಓದಲು ಬರುತ್ತಿದ್ದವರು 25 ಮಂದಿಯೂ ಇರಲಿಲ್ಲ. 2011ರ ಜನಗಣತಿಯಲ್ಲಿ ಅದು 55ಕ್ಕೆ ಬಂತು. ಅದೇ ವರ್ಷ ರಾಜ್ಯದಲ್ಲಿ 68 ಇತ್ತು. ಅಂದರೆ ನಮ್ಮಲ್ಲಿ ನೂರಕ್ಕೆ 45 ಹೆಣ್ಣುಮಕ್ಕಳು ಇನ್ನೂ ಹೊರಗಿದ್ದರು. ಆ ಮುಂದೆ ದಾಟಿ ಬಂದವರು ಯಾರು? ಬಹುಪಾಲು ಶಾಲೆಗೆ ಹೋದ ಹುಡುಗಿಯರು. ಅವರ ತಾಯಂದಿರು, ಅಂದರೆ ಮದುವೆ ಮಾತಾಡುವಾಗ, ಠಾಣೆಗೆ ಹೋಗುವಾಗ, ಸಾಲದ ಕಾಗದಕ್ಕೆ ಕೈ ಹಾಕುವಾಗ ಮುಂದೆ ನಿಲ್ಲುವವರು, ಬಹಳ ಮಂದಿ ಹಿಂದೆಯೇ ಉಳಿದರು.

ಇಲ್ಲಿ ಒಂದು ಕಠಿಣ ಮಾತು ಆಡಲೇಬೇಕು. ಹೆಂಗಸರಿಗೆ ಮತ್ತೆ ಬಿಟ್ಟಿ ಕೆಲಸವೆ? ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ನೀರು ತಂದು, ಹೊಲಕ್ಕೆ ಹೋಗಿ, ಸಂಜೆ ಬಂದು ಮತ್ತೆ ಒಲೆ ಹಚ್ಚುವವಳಿಗೆ 'ಸೇವೆ ಮಾಡು' ಎನ್ನುವುದು ನ್ಯಾಯವೆ? ನಮ್ಮ ಚಳವಳಿ ಇಷ್ಟು ವರ್ಷ ಹೇಳುತ್ತ ಬಂದದ್ದು ಹೆಂಗಸಿನ ದುಡಿಮೆಗೆ ಬೆಲೆ ಕೊಡಿ ಎಂದಲ್ಲವೆ? ಹೌದು. ಅದಕ್ಕೇ ನಾನು ಸೇವೆ ಎನ್ನುವ ಮಾತಿಗಿಂತ ಮುಯ್ಯಾಳು ಎನ್ನುವ ಮಾತನ್ನು ಹಿಡಿದಿದ್ದೇನೆ. ಮುಯ್ಯಾಳಿನಲ್ಲಿ ಒಬ್ಬಳೇ ದಿನಾಲೂ ದುಡಿಯುವುದಿಲ್ಲ. ಸರದಿ ಇರುತ್ತದೆ, ಲೆಕ್ಕ ಇರುತ್ತದೆ, ಬಂದವಳಿಗೆ ಊಟ ಇರುತ್ತದೆ. ಕಲಿಸುವವಳ ಹೊಲದ ಒಂದು ದಿನದ ಕಳೆಯನ್ನು ಕಲಿಯುವವರು ತೆಗೆದುಕೊಡಲಿ. ತಾಲ್ಲೂಕಿಗೆ ಹೋಗುವ ಬಸ್ಸಿನ ದುಡ್ಡು ಸಂಘದ ಉಳಿತಾಯದಿಂದ ಹೋಗಲಿ. ಶಾಲೆ ನಡೆಸುವುದು, ಠಾಣೆಯಲ್ಲಿ ನ್ಯಾಯ ಕೊಡಿಸುವುದು ಸರ್ಕಾರದ ಹೊಣೆ. ನಮ್ಮ ಸ್ವಯಂಸೇವೆ ಆ ಹೊಣೆಯನ್ನು ಇಳಿಸಲು ಅಲ್ಲ, ಕೇಳಿ ಪಡೆಯಲು.

ಕಲಿಸುವವಳು ಯಾರಾಗಬೇಕು? ದೊಡ್ಡ ಡಿಗ್ರಿ ಬೇಕಾಗಿಲ್ಲ. ಏಳನೇ ಇಯತ್ತೆ ಓದಿ ಮದುವೆಯಾಗಿ ಬಂದ ಸೊಸೆ ಸಾಕು. ನಿಮ್ಮ ಸಂಘದ ಲೆಕ್ಕ ಬರೆಯುವ ಹುಡುಗಿ ಸಾಕು. ನಿಜ ಹೇಳಬೇಕೆಂದರೆ, ನಿನ್ನೆ ಕಲಿತವಳೇ ಇವತ್ತಿನ ಒಳ್ಳೆಯ ಗುರು. ಯಾವ ಅಕ್ಷರದಲ್ಲಿ ಕೈ ನಡುಗುತ್ತದೆ ಎಂದು ಅವಳಿಗೆ ನೆನಪಿರುತ್ತದೆ. ಆಳಂದದಲ್ಲಿ ಮರಾಠಿ ಬಲ್ಲವಳು ಬೇಕು ಎಂದೆ. ನಮ್ಮ ಮುಸ್ಲಿಂ ತಂಗಿಯರ ಓಣಿಯಲ್ಲಿ ಅವರ ಮನೆಮಾತಿನಲ್ಲಿ ಅರ್ಥ ಹೇಳುವವಳು ಬೇಕು. ಜೇವರ್ಗಿಯ ಕಡೆಯಿಂದ ಬೆಂಗಳೂರು, ಮುಂಬಯಿ, ಪುಣೆಗೆ ದುಡಿಯಲು ಹೋಗುವವರಿದ್ದಾರೆ. ಅವರಲ್ಲಿ ಒಬ್ಬಳು ಕಲಿತರೆ ಆ ಶೆಡ್ಡಿನಲ್ಲೂ ಒಂದು ತರಗತಿ ಹೋದಂತೆ.

ಸಮಯ ನೀವೇ ಗೊತ್ತುಮಾಡಿಕೊಳ್ಳಿ. ತೊಗರಿ ರಾಶಿಯ ದಿನಗಳಲ್ಲಿ ತರಗತಿ ಇಟ್ಟರೆ ಯಾರೂ ಬರುವುದಿಲ್ಲ, ಬರಬಾರದು ಕೂಡ. ರಾತ್ರಿ ರೊಟ್ಟಿಯಾದ ಮೇಲೆ, ವಾರಕ್ಕೆ ಎರಡು ದಿನ, ಒಂದು ತಾಸು. ವಾರದ ಉಳಿತಾಯದ ಸಭೆ ಹೇಗೂ ಇದೆ, ಅದರಲ್ಲಿ ಅರ್ಧ ತಾಸು ಸೇರಿಸಿಕೊಳ್ಳಿ.

ಪಾಠ ಯಾವುದು? ಅ ಅರಸ, ಆ ಆನೆ ಎಂದೇ ಯಾಕೆ ಸುರುಮಾಡಬೇಕು? ನಮ್ಮ ಮನೆಗೆ ಅರಸನೂ ಬರುವುದಿಲ್ಲ, ಆನೆಯೂ ಬರುವುದಿಲ್ಲ. ಮೊದಲ ದಿನ ಅವಳ ಹೆಸರು. ಎರಡನೆಯ ಮಾತು 'ಬೇಡ'. ಎರಡೇ ಅಕ್ಷರ. ಬರೆಯುತ್ತ ಬರೆಯುತ್ತ ಮಾತಾಡಲಿ, ಯಾವುದಕ್ಕೆ ಬೇಡ ಎನ್ನಬೇಕೆಂದಿದ್ದೆ, ಯಾವುದಕ್ಕೆ ಹೂಂ ಅಂದೆ ಎಂದು. ಆಮೇಲೆ ಅಂಕಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಯಾವ ಸಾಲು ಜಮೆ, ಯಾವ ಸಾಲು ಖರ್ಚು. ಸಂಘದ ವಹಿಯಲ್ಲಿ ನನ್ನ ಹೆಸರಿನಲ್ಲಿ ಎಷ್ಟು ಸಾಲ ಇದೆ, ಅದನ್ನು ಬಳಸಿದವರು ಯಾರು. ಆಮೇಲೆ ಹುಟ್ಟಿದ ತಾರೀಖು. ಮಗಳಿಗೆ 18 ತುಂಬಿದೆಯೋ ಇಲ್ಲವೋ ಎಂದು ಶಾಲೆಯ ದಾಖಲೆ ಓದಿ ಹೇಳಬಲ್ಲ ತಾಯಿ ಬಾಲ್ಯವಿವಾಹವನ್ನು ತಡೆಯಬಲ್ಲಳು. ಆಮೇಲೆ ಉಡುಗೊರೆಯ ಪಟ್ಟಿ ಬರೆಯುವ ಅಭ್ಯಾಸ. ಕೊನೆಗೆ ದೂರಿನ ಅರ್ಜಿ. ಯಾರಿಗೆ, ಯಾರಿಂದ, ಯಾವ ದಿನ ಏನಾಯಿತು, ಕಂಡವರು ಯಾರು. ನಾಲ್ಕು ಸಾಲು ಸಾಕು.

ಕೆಲವು ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಿ. ಆಪತ್ತಿಗೆ 112. ಮಹಿಳಾ ಸಹಾಯವಾಣಿ 181. ಮಕ್ಕಳಿಗೆ 1098. ಪುಕ್ಕಟೆ ಕಾನೂನು ನೆರವಿಗೆ 15100. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೇಲಧಿಕಾರಿ ಎಂದು ನೀವು ಬಲ್ಲವರೇ ಅವರು. ಆ ಕಾಯ್ದೆಯಡಿ ಗಂಡನ ಮನೆಯಲ್ಲಿ ಇರುವ ಹಕ್ಕು, ತನ್ನ ಬಂಗಾರ-ಪಾತ್ರೆ ವಾಪಸು ಪಡೆಯುವ ಹಕ್ಕು ಇದೆ. 2009ರಿಂದ ಕಾನೂನು ಸೇವಾ ಪ್ರಾಧಿಕಾರ ಊರಿನವರನ್ನೇ ಆರಿಸಿ ಅರೆಕಾಲಿಕ ಕಾನೂನು ಸ್ವಯಂಸೇವಕರೆಂದು ತರಬೇತಿ ಕೊಡುತ್ತಿದೆ. ಹತ್ತನೇ ಇಯತ್ತೆ ಓದಿದ ನಿಮ್ಮ ಹುಡುಗಿಯರು ತಾಲ್ಲೂಕು ಕೋರ್ಟಿಗೆ ಹೋಗಿ ಇದನ್ನು ವಿಚಾರಿಸಲಿ.

ಸ್ವಯಂಸೇವಕಿಯಾಗುವವಳಿಗೆ ಕೆಲವು ಎಚ್ಚರಿಕೆ ಹೇಳುತ್ತೇನೆ. ಹೊಡೆತ ನಡೆಯುತ್ತಿರುವ ಮನೆಗೆ ಒಬ್ಬಳೇ ಹೋಗಬೇಡ, ನಾಲ್ಕು ಮಂದಿ ಹೋಗಿ, ಇಲ್ಲವೇ 112ಕ್ಕೆ ಫೋನು ಮಾಡು. ಅವಳು ಹೇಳಿದ ಗುಟ್ಟು ನಿನ್ನಲ್ಲಿಯೇ ಇರಲಿ, ನೀರಿನ ನಳದ ಹತ್ತಿರ ಆಡಬೇಡ. ಅವಳ ಬದಲಿಗೆ ನೀನು ತೀರ್ಮಾನ ಮಾಡಬೇಡ, ಕಾಗದ ಓದಿ ಹೇಳು, ದಾರಿ ಹೇಳು, ಜೊತೆಗೆ ನಡೆ. 'ಹೊಂದಿಕೊಂಡು ಹೋಗವ್ವ' ಎಂಬ ಮಾತು ನಿನ್ನ ಬಾಯಿಂದ ಬರಬಾರದು. ಆ ಮಾತು ಹೇಳಲು ಊರಿನ ತುಂಬ ಮಂದಿ ಇದ್ದಾರೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನ ಬರುವಂತೆ ಸತ್ತರೆ ಶವಪರೀಕ್ಷೆ ಆಗಲೇಬೇಕು, ಮ್ಯಾಜಿಸ್ಟ್ರೇಟರು ಪಂಚನಾಮೆ ಮಾಡಬೇಕು. ಆಗ ತಾಯಿಯ ಕೈಹಿಡಿದು ನಿಂತು, "ಬರೆದದ್ದು ಮೊದಲು ಓದಿರಿ ಸಾಹೇಬ್ರ, ಆಮೇಲೆ ಹೆಬ್ಬಟ್ಟು" ಎನ್ನುವ ಧೈರ್ಯ ನಿನಗಿರಬೇಕು.

ಇದರಿಂದ ಏನಾದರೂ ಆಗಿದೆಯೆ ಎಂದು ಕೇಳುವಿರಿ. ಒಂದು ಸಂಘದಲ್ಲಿ ಆದದ್ದು ಹೇಳುತ್ತೇನೆ. ಅಲ್ಲಿ ಸಂಘದ ವಹಿಯ ಹಿಂದಿನ ಹಾಳೆಗಳಲ್ಲಿ ಸದಸ್ಯೆಯೊಬ್ಬಳ ಮಗಳ ಪಟ್ಟಿ ಬರೆದಿಟ್ಟರು. ಓದಿ ಹೇಳಿದವಳು ಮೂವತ್ತೈದು ದಾಟಿದ ಮೇಲೆ ಅಕ್ಷರ ಕಲಿತ ಕೂಲಿ ಹೆಂಗಸು. ಓದಲು ಬಹಳ ಹೊತ್ತು ಹಿಡಿಯಿತು, ಬೀಗರು ನಕ್ಕರು. ಹುಡುಗನ ಸಹಿ ಬಿತ್ತು. ಎರಡು ವರ್ಷದ ಮೇಲೆ ಹುಡುಗಿ ಬರಿಗೈಲಿ ತವರಿಗೆ ಬಂದಳು. ಪಟ್ಟಿಯ ನಕಲು ಹಿಡಿದು ಸಂರಕ್ಷಣಾಧಿಕಾರಿಯ ಮುಂದೆ ನಿಂತಾಗ, 'ಏನು ತಂದಿದ್ದಳು' ಎಂಬ ಮಾತೇ ಏಳಲಿಲ್ಲ. ಬಂಗಾರ ವಾಪಸು ಬಂತು. ಅವಳ ಸಂಸಾರ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಆ ಬಂಗಾರದಿಂದ ಹೊಲಿಗೆ ಮಷಿನ್ನು ಬಂತು, ಅವಳ ಮಗು ಶಾಲೆಗೆ ಹೋಗುತ್ತಿದೆ. ಹುಡುಗಿ ಜೀವಂತವಾಗಿದ್ದಾಳೆ. ನಮ್ಮ ಕೆಲಸದಲ್ಲಿ ಇದು ಸಣ್ಣ ಮಾತಲ್ಲ.

ಕೊನೆಗೆ ಸಂಘದ ಸಾಲದ ಬಗ್ಗೆ ಒಂದು ಮಾತು. 2000ನೇ ಇಸವಿಯಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ನಾವು ಹತ್ತು ಹತ್ತು ರೂಪಾಯಿ ಕೂಡಿಸಿ ಬೆಳೆದವರು. ಆ ದುಡ್ಡು ಎಲ್ಲಿಗೆ ಹೋಗುತ್ತಿದೆ? ವಹಿಯಲ್ಲಿ 'ಮದುವೆ ಖರ್ಚು' ಎಂದು ಬರೆದ ಸಾಲಗಳಲ್ಲಿ ಹುಂಡಾಕ್ಕೆ ಹೋದದ್ದು ಎಷ್ಟು? ನಮ್ಮ ಉಳಿತಾಯದಿಂದಲೇ ನಮ್ಮ ಮಗಳ ಬೆಲೆ ಕಟ್ಟಿ, ಅದನ್ನು ನಾವೇ ಕಂತು ಕಂತಾಗಿ ತೀರಿಸುತ್ತಿದ್ದರೆ, ಇದು ಸ್ತ್ರೀಯರ ಶಕ್ತಿಯೊ, ಅವರ ಕುತ್ತಿಗೆಯ ಹಗ್ಗವೊ? ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟೋ ಜಾತಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಅದೂ ಹೆಣ್ಣಿಗೆ ಬೆಲೆ ಕಟ್ಟುವುದೇ. ಆದರೆ ಈ ಹುಂಡಾ ದೇವರು ಮಾಡಿಟ್ಟ ಪದ್ಧತಿಯಲ್ಲ, ನಡುವೆ ಬಂದದ್ದು ಎಂಬುದಕ್ಕೆ ಅದು ಸಾಕ್ಷಿ. ನಡುವೆ ಬಂದದ್ದು ನಡುವೆಯೇ ಹೋಗಬಲ್ಲದು. ವಹಿಯನ್ನು ಒಬ್ಬಳೇ ಓದಬಲ್ಲ ಸಂಘದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಹದಿನೈದು ಮಂದಿಯೂ ಓದಬಲ್ಲ ಸಂಘದಲ್ಲಿ ಏಳದೆ ಇರುವುದಿಲ್ಲ.

ಹಾಗಾಗಿ ಮೂರೂ ತಾಲ್ಲೂಕಿನ ಸಂಘಗಳಿಗೆ ನನ್ನ ಕೇಳಿಕೆ ಮೂರು. ಒಂದು, ಮುಂದಿನ ವಾರದ ಸಭೆಯಲ್ಲಿ ಓದಲು ಬರುವವರ ಹೆಸರು, ಬರದವರ ಹೆಸರು ಬರೆದು, ಒಬ್ಬೊಬ್ಬಳಿಗೆ ಇಬ್ಬಿಬ್ಬರನ್ನು ಜೋಡಿಸಿ. ಎರಡು, ಈ ವರ್ಷ ನಿಮ್ಮ ಸಂಘದ ಯಾರ ಮನೆಯಲ್ಲಿ ಮದುವೆಯಾದರೂ ಪಟ್ಟಿ ಬರೆದು, ಓದಿ ಹೇಳಿ, ಸಹಿ ಹಾಕಿಸಿ, ಒಂದು ನಕಲು ಸಂಘದಲ್ಲಿಡಿ. ಮೂರು, ಹುಂಡಾಕ್ಕೆ ಸಾಲ ಕೊಡುವುದಿಲ್ಲ, ಹೆಣ್ಣುಮಗಳ ಓದಿಗೆ ಮೊದಲು ಕೊಡುತ್ತೇವೆ ಎಂದು ಠರಾವು ಬರೆಯಿರಿ. ಆ ಠರಾವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರಿ. ಆಮೇಲೆ ಸಹಿ ಬರುವವರು ಸಹಿ ಮಾಡಿ, ಬರದವರು ಹೆಬ್ಬೆಟ್ಟು ಒತ್ತಿ. ಮುಂದಿನ ವರ್ಷದ ಠರಾವಿನಲ್ಲಿ ಹೆಬ್ಬೆಟ್ಟುಗಳು ಕಡಿಮೆಯಾಗಿರಲಿ.